ಅಂಗಡಿಗೆ ಬಾರದವರ ಲೆಕ್ಕ: ಸಣ್ಣ ವ್ಯಾಪಾರವನ್ನು ನ್ಯಾಯವಾಗಿ ನಡೆಸೋದು ಹೇಗೆ

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವವರನ್ನು ಕೇಳಿ, ಸಿಂಧನೂರಿನ ಬೀಜ-ಗೊಬ್ಬರದ ಅಂಗಡಿಯವರನ್ನು ಕೇಳಿ, ಕಾರಟಗಿಯ ರೈಸ್ ಮಿಲ್ಲಿನವರನ್ನು ಕೇಳಿ, ವ್ಯಾಪಾರದ ನೀತಿ ಅಂದ ತಕ್ಷಣ ಬರುವ ಉತ್ತರ ಒಂದೇ: "ನಾವು ಯಾರಿಗೂ ಮೋಸ ಮಾಡಿಲ್ರಿ." ಬಹಳ ಜನರ ಮಟ್ಟಿಗೆ ಇದು ನಿಜ. ಎದುರಿಗೆ ನಿಂತ ಗಿರಾಕಿಗೆ ಬೇಕಂತಲೇ ಮೋಸ ಮಾಡುವವರು ಕಡಿಮೆ.

ತೊಂದರೆ ಹುಟ್ಟೋದು ಬೇರೆ ಕಡೆ. ನಾವಿಬ್ಬರು ಕೂತು, ಚಹಾ ಕುಡಿದು, ಖುಷಿಯಿಂದ ಮುಗಿಸಿದ ವ್ಯವಹಾರದ ಲುಕ್ಸಾನು ಅಲ್ಲಿ ಇಲ್ಲದ ಮೂರನೆಯವರ ಮೇಲೆ ಬೀಳುತ್ತದೆ. ನಾನು ಸಣ್ಣ ಅಂಗಡಿ, ಯೂನಿಟ್‌ಗಳ ಲೆಕ್ಕಪತ್ರ ನೋಡುವವನು. ಖಾತೆ ಪುಸ್ತಕದಲ್ಲಿ ಈ ಮೂರನೆಯವರಿಗೆ ಒಂದು ಸಾಲೂ ಇರಲ್ಲ. ಅದಕ್ಕೇ ನನ್ನ ಗಿರಾಕಿಗಳಿಗೆ ನಾನು ಮೊದಲು ಹೇಳಿಕೊಡೋದು ಒಂದೇ ಅಭ್ಯಾಸ. ರೇಟು, ಗಡುವು, ಕೂಲಿ, ಮಾಲು, ಯಾವುದರ ಬಗ್ಗೆ ತೀರ್ಮಾನ ಮಾಡುವಾಗಲೂ ಒಂದು ಹಾಳೆ ತೆಗೆದುಕೊಳ್ಳಿ. ಇದರಿಂದ ಯಾರಿಗೆ ಲುಕ್ಸಾನು ಆಗಬಹುದು, ಆದರೆ ಮಾತುಕತೆಗೆ ಯಾರನ್ನು ಕರೆದಿಲ್ಲ ಅಂತ ಬರೆಯಿರಿ. ಹೆಸರು ಗೊತ್ತಿದ್ದರೆ ಹೆಸರನ್ನೇ ಬರೆಯಿರಿ. "ಕಾರ್ಮಿಕರು" ಅಂತ ಬರೆದರೆ ಮನಸ್ಸಿಗೆ ತಟ್ಟಲ್ಲ, "ದಾರ ಕತ್ತರಿಸುವ ಹನುಮಕ್ಕ" ಅಂತ ಬರೆದರೆ ತಟ್ಟುತ್ತದೆ.

ಇದು ಪುಸ್ತಕದ ಮಾತು ಅನ್ನಿಸಿದರೆ ನಮ್ಮ ಬಳ್ಳಾರಿ ಜಿಲ್ಲೆಯ ಗಣಿ ಕಾಲವನ್ನೇ ನೆನಪು ಮಾಡಿಕೊಳ್ಳಿ. ಚೀನಾದಿಂದ ಬೇಡಿಕೆ ಏರಿ ಅದಿರಿಗೆ ಬಂಗಾರದ ಬೆಲೆ ಬಂದಿತ್ತು. ಅಳತೆ ಮೀರಿ ಅಗೆದವರು, ಪರ್ಮಿಟ್ ಇಲ್ಲದೆ ಸಾಗಿಸಿದವರು, ಕಂಡೂ ಕಾಣದ ಹಾಗೆ ಸಹಿ ಹಾಕಿದವರು, ಇವರೆಲ್ಲ ಒಳಗೇ ಕೂತು ಮಾತಾಡಿಕೊಂಡರು. 2011ರ ಜುಲೈ ಕೊನೆಯ ವಾರದಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಬಂತು, ಅದೇ ವಾರ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು, 2013ರಲ್ಲಿ ಅತಿ ಹೆಚ್ಚು ಅಕ್ರಮ ನಡೆದಿದ್ದ 'ಸಿ' ವರ್ಗದ ಗುತ್ತಿಗೆಗಳು ರದ್ದಾದವು. ಆಗ ಕಂತು ಕಟ್ಟಲಾಗದೆ ಲಾರಿ ಕಳೆದುಕೊಂಡವರು ಯಾರು? ಸಂಡೂರು, ಹೊಸಪೇಟೆ ದಾರಿಯಲ್ಲಿ ಪಂಕ್ಚರ್ ಅಂಗಡಿ, ಖಾನಾವಳಿ ಇಟ್ಟುಕೊಂಡಿದ್ದವರು ಏನಾದರು? ಕೆಂಪು ಧೂಳು ಕೂತ ಹೊಲದ ರೈತ ಯಾವ ಒಪ್ಪಂದಕ್ಕೆ ಸಹಿ ಹಾಕಿದ್ದ? ನಮ್ಮ ವ್ಯಾಪಾರ ಅಷ್ಟು ದೊಡ್ಡದಲ್ಲ, ಸರಿ. ಆದರೆ ಲೆಕ್ಕ ತಪ್ಪುವ ರೀತಿ ಅದೇ.

ಮೊದಲು ತಕ್ಕಡಿ ಸರಿ ಮಾಡಿಕೊಳ್ಳಿ

ನೀತಿ ಅಂದರೆ ದೊಡ್ಡ ಮಾತು ಅಂತ ಹೆದರಬೇಡಿ. ತೂಕದಿಂದ ಶುರು ಮಾಡಿ. ಎಲೆಕ್ಟ್ರಾನಿಕ್ ತಕ್ಕಡಿಗೆ ಕಾನೂನು ಮಾಪನ ಇಲಾಖೆಯಿಂದ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಬೇಕು. 2009ರ ಕಾಯ್ದೆಯ ಅಡಿ ಇದು ಕಡ್ಡಾಯ. ಪ್ರಮಾಣಪತ್ರವನ್ನು ಫೈಲಿನಲ್ಲಿ ಮುಚ್ಚಿಡದೆ ಗಿರಾಕಿಗೆ ಕಾಣುವ ಕಡೆ ಹಾಕಿ. ತಕ್ಕಡಿಯ ಡಿಸ್‌ಪ್ಲೇ ಮಾರುವವನ ಕಡೆ ಮಾತ್ರ ತಿರುಗಿದ್ದರೆ ಇವತ್ತೇ ತಿರುಗಿಸಿಡಿ.

ಮುದ್ರೆ ಇದ್ದ ಮಾತ್ರಕ್ಕೆ ಮುಗಿಯಲಿಲ್ಲ. ನಮ್ಮ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಭತ್ತದ ರೇಟು ನಡೆಯೋದು 75 ಕೆಜಿ ಚೀಲಕ್ಕೆ. ತೇವ, ಕಸ, ಚೀಲದ ತೂಕ ಅಂತ ಕಾರಣ ಹೇಳಿ ಚೀಲಕ್ಕೆ ಒಂದು ಕೆಜಿ ಜಾಸ್ತಿ ತೂಗಿಸಿಕೊಂಡರೆ ಕೇಳೋದಕ್ಕೆ ಏನೂ ಅಲ್ಲ. 200 ಚೀಲ ತಂದ ರೈತನಿಗೆ ಅದು 200 ಕೆಜಿ. ಅಂದರೆ ಎರಡೂವರೆ ಚೀಲಕ್ಕಿಂತ ಜಾಸ್ತಿ ಭತ್ತ ಪುಕ್ಕಟೆ ಹೋಯಿತು. ಆ ರೈತ ಸಾಲ ತಂದು ಬೆಳೆದಿದ್ದರೆ ಅವನಿಗೆ ಉಳಿಯುವ ಲಾಭವೇ ಅಷ್ಟಿರಬಹುದು. ತೇವ ಇದ್ದರೆ ಮೀಟರ್ ಇಟ್ಟು ತೋರಿಸಿ, ಎಷ್ಟು ಶೇಕಡಾ ತೇವಕ್ಕೆ ಎಷ್ಟು ಕಡಿತ ಅಂತ ಮೊದಲೇ ಬೋರ್ಡಿನಲ್ಲಿ ಬರೆದುಹಾಕಿ. ಖಾಲಿ ಚೀಲವನ್ನು ಅವನೆದುರೇ ತೂಗಿ. ಕಡಿತ ಮಾಡಬಾರದು ಅಂತ ನಾನು ಹೇಳುತ್ತಿಲ್ಲ. ಕಾರಣ ಇರುವ ಕಡಿತ, ಎಲ್ಲರಿಗೂ ಒಂದೇ ಕಡಿತ, ಮೊದಲೇ ಗೊತ್ತಿರುವ ಕಡಿತ, ಈ ಮೂರೂ ಇದ್ದರೆ ಯಾರೂ ಜಗಳಕ್ಕೆ ಬರಲ್ಲ.

ಎಪಿಎಂಸಿಯಲ್ಲಿ ಅಡತಿ (ಕಮಿಷನ್ ಏಜೆಂಟ್) ಅಂಗಡಿ ಇರುವವರಿಗೆ ಇನ್ನೊಂದು ಮಾತು. ಕಮಿಷನ್ ಖರೀದಿದಾರನಿಂದ ಪಡೆಯಬೇಕು, ರೈತನ ಪಟ್ಟಿಯಲ್ಲಿ ಕತ್ತರಿಸುವಂತಿಲ್ಲ. ಇದು ಎಲ್ಲರಿಗೂ ಗೊತ್ತು, ಆದರೂ ಬಿಲ್ಲಿನ ಬದಲು ಹೆಸರಿಲ್ಲದ ಬಿಳಿ ಚೀಟಿ ಬರೆದುಕೊಡುವ ವ್ಯವಹಾರ ನಿಂತಿಲ್ಲ. ರೈತನಿಗೆ ಬರೆದುಕೊಡುವ ಕಾಗದದಲ್ಲಿ ತೂಕ, ರೇಟು, ಹಮಾಲಿ, ಕೊನೆಗೆ ಕೈಗೆ ಕೊಟ್ಟ ರೊಕ್ಕ, ಎಲ್ಲವೂ ಅಂಗಡಿಯ ಹೆಸರಿನ ಬಿಲ್ಲಿನಲ್ಲೇ ಇರಲಿ.

ಬೀಜ, ಎಣ್ಣೆ (ಕೀಟನಾಶಕ), ಗೊಬ್ಬರ ಮಾರುವವರಿಗೆ

ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ. ಯಾಕೆಂದರೆ ಬಳ್ಳಾರಿ, ರಾಯಚೂರು, ಕೊಪ್ಪಳ, ನಮ್ಮ ಈ ಮೂರೂ ಜಿಲ್ಲೆಗಳಲ್ಲಿ ಅತಿ ಹೆಚ್ಚು ನಂಬಿಕೆ ಮೇಲೆ ನಡೆಯುವ ವ್ಯಾಪಾರ ಇದು.

ರೈತ ಒಂದು ಮೆಣಸಿನ ಎಲೆಯನ್ನೋ ಹತ್ತಿ ಕಾಯಿಯನ್ನೋ ಕಿತ್ತುಕೊಂಡು ಬಂದು ಕೇಳುತ್ತಾನೆ, "ಸಾವಕಾರ್ರೇ, ಇದಕ್ಕ ಯಾವ ಎಣ್ಣಿ ಹೊಡೀಬೇಕ್ರಿ?" ಆ ಕ್ಷಣದಲ್ಲಿ ನೀವು ಮಾರುವವರೂ ಹೌದು, ಸಲಹೆ ಕೊಡುವವರೂ ಹೌದು. ಸಲಹೆ ಕೊಡುವವರು ಅವನ ಲಾಭ ನೋಡಬೇಕು, ಮಾರುವವರಿಗೆ ತಮ್ಮ ಲಾಭ ಬೇಕು. ಇಷ್ಟು ಬಾಕ್ಸ್ ಎತ್ತಿದರೆ ವಿದೇಶ ಪ್ರವಾಸ, ಅಷ್ಟು ಎತ್ತಿದರೆ ಬಂಗಾರದ ನಾಣ್ಯ ಅಂತ ಕಂಪನಿ ಸ್ಕೀಮ್ ಬೇರೆ ಇಟ್ಟಿರುತ್ತದೆ. ಒಂದು ಬಾಟಲಿ ಸಾಕಾಗುವ ಕಡೆ ಮೂರು ಬಾಟಲಿ ಹೋಗೋದು ಹೀಗೆ. ಯಾರೂ ಸುಳ್ಳು ಹೇಳಿರಲ್ಲ. "ಇದನ್ನೂ ಸೇರಿಸಿ ಹೊಡಿ, ಒಳ್ಳೇದು" ಅಂದಿರುತ್ತಾರೆ, ಅಷ್ಟೇ.

ಇದಕ್ಕೆ ನಾನು ಹೇಳುವ ದಾರಿ ಹೀಗಿದೆ. ಸಲಹೆಯನ್ನು ಬಾಯಲ್ಲಿ ಹೇಳಿ ಬಿಡಬೇಡಿ, ಚೀಟಿಯಲ್ಲಿ ಬರೆದುಕೊಡಿ: ಯಾವ ರೋಗ ಅಥವಾ ಹುಳ ಅಂತ ನಿಮಗೆ ಅನ್ನಿಸಿತು, ಯಾವ ಔಷಧಿ, ಎಕರೆಗೆ ಎಷ್ಟು, ಹೊಡೆದ ಮೇಲೆ ಎಷ್ಟು ದಿನ ಕಾಯಿ ಬಿಡಿಸಬಾರದು. ಕೈಯಲ್ಲಿ ಬರೆಯಬೇಕಾದಾಗ ಮನುಷ್ಯ ಎರಡು ಸಲ ಯೋಚಿಸುತ್ತಾನೆ. ನಿಮಗೇ ಖಾತ್ರಿ ಇಲ್ಲದಿದ್ದರೆ ಏನನ್ನೂ ಮಾರಬೇಡಿ. ರಾಯಚೂರು ಕೃಷಿ ವಿಶ್ವವಿದ್ಯಾಲಯ ಇದೆ, ಗಂಗಾವತಿಯಲ್ಲಿ, ಹಗರಿಯಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ, ಎಲೆಯ ಫೋಟೋ ಅಲ್ಲಿಗೆ ಕಳಿಸಿ ಕೇಳಿ. "ನನಗೆ ಗೊತ್ತಾಗಲಿಲ್ಲ, ಕೇಳಿ ಹೇಳ್ತೀನಿ" ಅಂದ ಅಂಗಡಿಗೆ ರೈತ ವಾಪಸ್ ಬರುತ್ತಾನೆ. ಅಂಗಡಿಯಲ್ಲಿ ನಿಲ್ಲುವವರಿಗೆ ಆಗುವುದಾದರೆ 'ದೇಸಿ' (DAESI) ಅನ್ನೋ ಡಿಪ್ಲೊಮಾ ಮಾಡಿಸಿ. ಹೈದರಾಬಾದಿನ ಮ್ಯಾನೇಜ್ ಸಂಸ್ಥೆ ಅದನ್ನು ರೂಪಿಸಿದ್ದೇ ಕೃಷಿ ಪರಿಕರ ಮಾರುವವರಿಗಾಗಿ.

ಬಾಟಲಿ ಮೇಲಿನ ತ್ರಿಕೋನದ ಬಣ್ಣವನ್ನು ಪ್ರತಿ ಸಲ ತೋರಿಸಿ. ಕೆಂಪು ಅತಿ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಎಣ್ಣೆ ಹೊಡೆಯೋದು ಬಹಳ ಸಲ ಹೊಲದ ಮಾಲೀಕ ಅಲ್ಲ, ಕೂಲಿಗೆ ಬಂದ ಹುಡುಗ. ಅವನು ನಿಮ್ಮ ಅಂಗಡಿಗೆ ಬಂದೇ ಇಲ್ಲ. ಕೆಂಪು ಬಾಟಲಿ ಕೊಡುವಾಗ ಮಾಸ್ಕು, ಕೈಗವಸು ಬೇಕೇಬೇಕು ಅಂತ ಒತ್ತಿ ಹೇಳಿ, ಅದನ್ನು ಲಾಭ ಇಲ್ಲದ ರೇಟಿಗೆ ಇಟ್ಟುಕೊಳ್ಳಿ.

ಬೀಜಕ್ಕೆ ಬರೋಣ. ಬಿಲ್ ಕೊಡಲೇಬೇಕು, ಬಿಲ್ಲಿನಲ್ಲಿ ಲಾಟ್ ನಂಬರ್ ಇರಲೇಬೇಕು, ಪ್ರತಿ ದಿನದ ಸ್ಟಾಕು ಮತ್ತು ರೇಟು ಬೋರ್ಡಿನಲ್ಲಿ ಕಾಣಬೇಕು. 1983ರ ಬೀಜ ನಿಯಂತ್ರಣ ಆದೇಶ ಬಂದಾಗಿನಿಂದ ಇದು ಕಾನೂನು. ಬೆಳೆ ಹಾಳಾದಾಗ ರೈತನ ಕೈಯಲ್ಲಿ ಉಳಿಯುವ ಏಕೈಕ ಸಾಕ್ಷಿ ಆ ಬಿಲ್ಲು. "ಬಿಲ್ ಬೇಡ ಬಿಡ್ರಿ, ಎರಡು ನೂರು ಕಡಿಮೆ ಮಾಡ್ರಿ" ಅಂತ ರೈತನೇ ಕೇಳಿದರೂ ಬಿಲ್ ಕೊಡಿ. ಇನ್ನು ಕಳೆನಾಶಕ ತಡೆದುಕೊಳ್ಳುವ ಹತ್ತಿ ಬೀಜ ಅಂತ ಲೂಸ್ ಪ್ಯಾಕೆಟ್ ತಂದುಕೊಡುವ ಏಜೆಂಟರನ್ನು ಬಾಗಿಲಲ್ಲೇ ವಾಪಸ್ ಕಳಿಸಿ. ಆ ಬೀಜಕ್ಕೆ ದೇಶದಲ್ಲಿ ಅನುಮತಿ ಇಲ್ಲ. ಮೊಳಕೆ ಬರದಿದ್ದರೆ ಕೇಳಲು ಕಂಪನಿಯೂ ಇಲ್ಲ, ಬಿಲ್ಲೂ ಇಲ್ಲ.

ಗೊಬ್ಬರದಲ್ಲಿ 'ಲಿಂಕ್' ಎಂಬ ಪೀಡೆ ಇದೆ, ಅಂದರೆ ಬೇಕಾದ ಮಾಲಿನ ಜೊತೆ ಬೇಡದ ಮಾಲನ್ನೂ ಹೇರೋದು. ಬೇವು ಲೇಪಿತ ಯೂರಿಯಾದ 45 ಕೆಜಿ ಚೀಲಕ್ಕೆ ನಿಗದಿ ಬೆಲೆ 266.50 ರೂಪಾಯಿ. ಮಳೆ ಬಂದು ಎಲ್ಲರೂ ಒಟ್ಟಿಗೆ ಬಂದು ನಿಂತಾಗ, ಯೂರಿಯಾ ಬೇಕಿದ್ದರೆ ಈ ಡಬ್ಬಿಯನ್ನೂ ಒಯ್ಯಿ ಅನ್ನೋದು ನಡೆಯುತ್ತದೆ. ಅಂಗಡಿಯವರನ್ನಷ್ಟೇ ಬೈದರೆ ಪೂರ್ತಿ ನ್ಯಾಯ ಆಗಲ್ಲ. ಮೇಲಿನವರು ಅವರ ಮೇಲೆ ಹೇರಿರುತ್ತಾರೆ, ಅವರು ಅದನ್ನು ರೈತನ ಮೇಲೆ ಹೇರುತ್ತಾರೆ. ಆದರೆ ನನ್ನ ಮೇಲೆ ಬಿದ್ದ ಒತ್ತಡವನ್ನು ನನಗಿಂತ ಸಣ್ಣವನಿಗೆ ದಾಟಿಸುವ ಹಕ್ಕು ನನಗೆ ಎಲ್ಲಿಂದ ಬಂತು? ಲಿಂಕ್ ಬಂದಾಗ ಯಾವ ದಿನ, ಯಾವ ಮಾಲು, ಎಷ್ಟು ಅಂತ ಬರೆದಿಡಿ. ಊರಿನ ನಾಲ್ಕು ಡೀಲರುಗಳು ಸೇರಿ ಜಂಟಿ ಕೃಷಿ ನಿರ್ದೇಶಕರಿಗೆ ಲಿಖಿತ ದೂರು ಕೊಡಿ. ಒಬ್ಬರೇ ಹೋದರೆ ಮುಂದಿನ ಲೋಡ್ ಸಿಗಲ್ಲ ಅನ್ನೋ ಭಯ ಸುಳ್ಳಲ್ಲ, ಅದಕ್ಕೇ ನಾಲ್ಕು ಜನ. ಅಷ್ಟರೊಳಗೆ ಬಂದುಬಿದ್ದ ಡಬ್ಬಿಗಳನ್ನು ಬೇಕಾದವರಿಗೆ ಮಾತ್ರ, ಅಸಲಿಗೇ ಮಾರಿ.

ಉದ್ರಿ ಕೊಡುವವರು ಬಡ್ಡಿಯನ್ನು ವರ್ಷದ ಲೆಕ್ಕದಲ್ಲೂ ಹೇಳಬೇಕು ಅನ್ನೋದು ನನ್ನ ಹಟ. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಅಂದರೆ ಹಗುರ ಕೇಳಿಸುತ್ತದೆ, ವರ್ಷಕ್ಕೆ 24 ಪರ್ಸೆಂಟ್ ಅಂದರೆ ಮನುಷ್ಯ ಒಂದು ಕ್ಷಣ ನಿಲ್ಲುತ್ತಾನೆ. 50,000 ರೂಪಾಯಿ ಉದ್ರಿಗೆ ಆರು ತಿಂಗಳಿಗೆ 6,000. ಹಾಗಂತ ಬರೆದುಕೊಡಿ. ಬೆಳೆ ನಮಗೇ ಹಾಕಬೇಕು ಅಂತ ಷರತ್ತು ಇದ್ದರೆ ಅದನ್ನೂ ಬರೆಯಿರಿ, ಆ ದಿನದ ಮಾರುಕಟ್ಟೆ ರೇಟನ್ನೇ ಕೊಡುತ್ತೇನೆ ಅಂತಲೂ ಬರೆಯಿರಿ. ಎರಡನೆಯದನ್ನು ಬರೆಯಲು ಕೈ ಬರದಿದ್ದರೆ ಮೊದಲನೆಯದನ್ನು ಕೇಳಬೇಡಿ.

ಕೂಲಿ ಮತ್ತು ಗಡುವು

ಬಳ್ಳಾರಿಯ ಜೀನ್ಸ್ ಅಂದರೆ ಒಂದು ಪ್ಯಾಂಟು ಹಲವು ಕೈ ದಾಟಿ ಬರುವ ಕೆಲಸ. ಕತ್ತರಿಸೋದು ಒಂದು ಕಡೆ, ಹೊಲಿಯೋದು ಇನ್ನೊಂದು ಕಡೆ, ವಾಷಿಂಗ್ ಮತ್ತೊಂದು ಕಡೆ, ದಾರ ಕತ್ತರಿಸೋದು, ಗುಂಡಿ ಹಾಕೋದು ಮನೆ ಮನೆಯಲ್ಲಿ. ದೂರದ ಊರಿನ ವ್ಯಾಪಾರಿ ರೊಕ್ಕ ತಡ ಮಾಡುತ್ತಾನೆ, ಬ್ರ್ಯಾಂಡಿನವನು ಹೊಲಿಸುವವನಿಗೆ ತಡ ಮಾಡುತ್ತಾನೆ, ಹೊಲಿಸುವವನು ಮನೆಯಲ್ಲಿ ದಾರ ಕತ್ತರಿಸುವ ಅಕ್ಕನಿಗೆ "ಮುಂದಿನ ವಾರ ಬಾ ಅಕ್ಕಾ" ಅನ್ನುತ್ತಾನೆ. ಈ ಸಾಲಿನಲ್ಲಿ ಅತಿ ಕಡಿಮೆ ಉಳಿತಾಯ ಇರುವವಳೇ ಎಲ್ಲರಿಗೂ ಬಡ್ಡಿಯಿಲ್ಲದ ಸಾಲ ಕೊಟ್ಟ ಹಾಗಾಯಿತು. ಇದನ್ನು ಉಲ್ಟಾ ಮಾಡಿ. ಪಾವತಿಯ ದಿನ ರೊಕ್ಕ ಕಡಿಮೆ ಇದ್ದರೆ ಸಣ್ಣ ಮೊತ್ತದವರಿಗೆ ಮೊದಲು, ದೊಡ್ಡವರಿಗೆ ಆಮೇಲೆ. ಪೀಸ್ ರೇಟಿನವರ ಲೆಕ್ಕ ವಾರಕ್ಕೊಮ್ಮೆ ಮುಗಿಯಲಿ, ಅವರ ಕೈಯಲ್ಲೂ ಒಂದು ಪುಸ್ತಕ ಇರಲಿ, ಎಣಿಕೆ ಅವರೆದುರೇ ಆಗಲಿ.

ನೀವೇ ಜಾಬ್ ವರ್ಕ್ ಮಾಡುವವರಾದರೆ ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ 'ಉದ್ಯಮ್' ನೋಂದಣಿ ಮಾಡಿಸಿ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಘಟಕಗಳಿಗೆ, ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ, ಒಪ್ಪಂದ ಇದ್ದರೂ ಹೆಚ್ಚೆಂದರೆ 45 ದಿನದಲ್ಲಿ ರೊಕ್ಕ ಕೊಡಬೇಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2023-24ರ ಲೆಕ್ಕದಿಂದ ಆದಾಯ ತೆರಿಗೆಯಲ್ಲೂ ಇದು ಸೇರಿದೆ. ಈ ಗಡುವಿನೊಳಗೆ ಕೊಡದಿದ್ದರೆ ಆ ಖರ್ಚನ್ನು ನಿಜವಾಗಿ ಕೊಟ್ಟ ವರ್ಷದಲ್ಲಷ್ಟೇ ತೋರಿಸಬಹುದು. ಇದಾದ ಮೇಲೆ ಕೆಲವು ದೊಡ್ಡ ಖರೀದಿದಾರರು ಸಣ್ಣ ಘಟಕಗಳಿಗೆ "ನೋಂದಣಿ ರದ್ದು ಮಾಡಿಸಿಕೋ, ಆಗ ಆರ್ಡರ್ ಕೊಡ್ತೀನಿ" ಅಂದದ್ದನ್ನು ಕೇಳಿದ್ದೇನೆ. ಕಾನೂನಿಗೆ ಸಿಕ್ಕಿಬೀಳದೆ ಅನ್ಯಾಯ ಮಾಡಬಹುದು ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಡ. ಕಾನೂನು ಹೇಳೋದು ಕನಿಷ್ಠ ಎಷ್ಟು ಅಂತ ಮಾತ್ರ.

ಕನಿಷ್ಠ ಯಾವುದು ಅಂತಾದರೂ ಗೊತ್ತಿರಲಿ. ಹತ್ತು ಜನ ಇದ್ದರೆ ಇಎಸ್ಐ (ಕಾರ್ಮಿಕರ ವಿಮೆ), ಇಪ್ಪತ್ತು ಜನ ಇದ್ದರೆ ಪಿಎಫ್ (ಭವಿಷ್ಯ ನಿಧಿ). ಹತ್ತು ಜನ ಇರುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಬೇಕು, ಅದಕ್ಕೆ ಹೆಣ್ಣುಮಗಳೇ ಅಧ್ಯಕ್ಷೆ. ಹೊಲಿಗೆ ಯೂನಿಟ್‌ಗಳಲ್ಲಿ ದುಡಿಯುವವರಲ್ಲಿ ಹೆಂಗಸರು ಎಷ್ಟೊಂದು ಜನ ಅಲ್ವಾ, ಆದರೂ ಈ ಸಮಿತಿ ಕಾಗದದ ಮೇಲಷ್ಟೇ ಇರೋದು ನನಗೆ ತೀರಾ ಬೇಸರದ ವಿಷಯ. 14 ವರ್ಷದೊಳಗಿನ ಮಕ್ಕಳನ್ನು ದುಡಿಸುವಂತಿಲ್ಲ, 18 ತುಂಬದವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ಹೈಬ್ರಿಡ್ ಹತ್ತಿ ಬೀಜ ಬೆಳೆಸುವ ಹೊಲಗಳಲ್ಲಿ ಕ್ರಾಸಿಂಗ್ (ಹೂವಿಗೆ ಕೈಯಿಂದ ಪರಾಗ ಹಚ್ಚೋದು) ಮಾಡಲು ಸಣ್ಣ ಕೈಗಳೇ ಬೇಕು ಅಂತ ಹೆಣ್ಣುಮಕ್ಕಳನ್ನು ಶಾಲೆ ಬಿಡಿಸಿದ ಕತೆ ನಮ್ಮ ಸೀಮೆಗೆ ಹೊಸದಲ್ಲ. "ಅವರ ಅಪ್ಪ-ಅವ್ವನೇ ಕಳಿಸ್ತಾರೆ" ಅನ್ನೋದು ಉತ್ತರ ಆಗಲ್ಲ. ದೊಡ್ಡವರಿಗೆ ಸಾಕಾಗುವಷ್ಟು ಕೂಲಿ ಕೊಟ್ಟು ನೋಡಿ, ಆಮೇಲೆ ಅವರು ಕಳಿಸುತ್ತಾರಾ ಕೇಳಿ.

ಅಡ್ವಾನ್ಸ್ ವಿಷಯದಲ್ಲಿ ಎಚ್ಚರ ಬೇಕು. ಮದುವೆಗೆ, ಆಸ್ಪತ್ರೆಗೆ ಅಂತ ಕೈಗಡ ಕೊಡೋದು ಒಳ್ಳೆಯ ಕೆಲಸ. ಆದರೆ "ಅದು ತೀರೋ ತನಕ ಬೇರೆ ಕಡೆ ಹೋಗಂಗಿಲ್ಲ" ಅಂದ ಕ್ಷಣ ಅದು ಜೀತದ ಕಡೆ ಜಾರುತ್ತದೆ. 1976ರಲ್ಲೇ ನಿಷೇಧ ಆಗಿರುವ ಪದ್ಧತಿ ಅದು. ಕೊಟ್ಟ ಸಾಲಕ್ಕೂ ಕೆಲಸಕ್ಕೂ ಗಂಟು ಹಾಕಬೇಡಿ. ಗುಳೆ ಹೋಗಿ ಬಂದ ಕುಟುಂಬಗಳನ್ನು ಕೇಳಿದರೆ ಗೊತ್ತಾಗುತ್ತದೆ, ಈ ಗಂಟು ಎಷ್ಟು ಬಿಗಿ ಅಂತ.

ಗೋಡೆಯ ಆಚೆ ಹೋಗುವ ನೀರು

ವಾಷಿಂಗ್ ಯೂನಿಟ್‌ನಿಂದ ಬರುವ ನೀಲಿ ನೀರಿನಲ್ಲಿ ಬಣ್ಣ ಇದೆ, ಬ್ಲೀಚ್ ಇದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ, ಶುದ್ಧೀಕರಣ ಘಟಕ, ಇದೆಲ್ಲ ಇರಲೇಬೇಕು. ನಾನು ಕೇಳೋದು ಇನ್ನೊಂದು: ಘಟಕ ರಾತ್ರಿಯೂ ಓಡುತ್ತಾ? ಕರೆಂಟ್ ಬಿಲ್ ನೋಡಿದರೆ ನಿಮಗೇ ಗೊತ್ತಾಗುತ್ತದೆ. ಒಬ್ಬರಿಗೆ ಘಟಕ ಕಟ್ಟೋದು ಭಾರವಾದರೆ ಹತ್ತು ಜನ ಸೇರಿ ಕಟ್ಟುವ ದಾರಿ ಇದೆ. ಹೊಲಿಸುವವರು ವಾಷಿಂಗಿಗೆ ಕೊಡುವಾಗ ರೇಟು ಒಂದನ್ನೇ ಕೇಳದೆ, ನೀರು ಎಲ್ಲಿಗೆ ಬಿಡುತ್ತೀರಿ ಅಂತಲೂ ಕೇಳಬೇಕು. ಪೀಸಿಗೆ ಒಂದು ರೂಪಾಯಿ ಕಡಿಮೆ ಆದದ್ದು ಎಲ್ಲಿಂದ ಅಂತ ಹುಡುಕಿಕೊಂಡು ಹೋದರೆ ಯಾರದೋ ಬೋರ್‌ವೆಲ್ ಹತ್ತಿರ ಹೋಗಿ ನಿಲ್ಲಬಹುದು. ಕೊಪ್ಪಳ ಹತ್ತಿರದ ಗಿಣಿಗೇರಾ ಕಡೆ ಕಾರ್ಖಾನೆ ಧೂಳಿನ ಬಗ್ಗೆ ಜನ ಹೇಳೋದೂ ಇದನ್ನೇ: ಮಾಲು ಬೇರೆ ಊರಿಗೆ, ಧೂಳು ನಮಗೆ.

ಇಲ್ಲಿ ದಾನದ ಮಾತು ಬರುತ್ತದೆ. ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿ ಹಳ್ಳಿಯಿಂದ ರೊಟ್ಟಿ ಬರುತ್ತದೆ, ಲಕ್ಷಾಂತರ ಜನ ಉಣ್ಣುತ್ತಾರೆ, ಅದನ್ನು ನೋಡಿದರೆ ಕಣ್ಣು ತುಂಬುತ್ತದೆ. ಕೊಡಿ, ಕೈತುಂಬ ಕೊಡಿ. ಆದರೆ ಹಮಾಲರ ಬಾಕಿ ಇಟ್ಟುಕೊಂಡು ಕೊಟ್ಟ ದೇಣಿಗೆ ಹಮಾಲರದ್ದೇ ರೊಕ್ಕ. ದೊಡ್ಡ ಕಂಪನಿಗಳಿಗೂ ಇದೇ ಲೆಕ್ಕ. 2013ರ ಕಂಪನಿ ಕಾಯ್ದೆ ಪ್ರಕಾರ ಲಾಭದ ಶೇ 2ನ್ನು ಸಮಾಜಕ್ಕೆ ಖರ್ಚು ಮಾಡಬೇಕು, ಶಾಲೆಗೆ ಬಣ್ಣ ಹೊಡೆಸುತ್ತಾರೆ, ಒಳ್ಳೆಯದೇ. ಉಳಿದ ಶೇ 98 ಹೇಗೆ ಬಂತು ಅನ್ನೋ ಪ್ರಶ್ನೆ ಅದರಿಂದ ಮುಚ್ಚಿಹೋಗಲ್ಲ. ನಮ್ಮ ಲಿಂಗಸುಗೂರಿನ ಅಮರೇಶ್ವರದವರು ಅಂತ ಹೇಳುವ ಶರಣ ದಂಪತಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮರ ಕತೆ ಗೊತ್ತಲ್ವಾ? ಗಂಡ ದಿನಕ್ಕಿಂತ ಜಾಸ್ತಿ ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಗೇ ಸುರಿದು ಬಾ ಅಂದಳು ಲಕ್ಕಮ್ಮ. ದಾಸೋಹಕ್ಕೇ ಆದರೂ ಅಕ್ಕಿ ಹೇಗೆ ಬಂತು ಅಂತ ಮೊದಲು ಕೇಳಿದಳು ಆ ತಾಯಿ.

ಲಂಚದ ಬಗ್ಗೆ ಎರಡೇ ಮಾತು. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಆದ ಮೇಲೆ ಕೊಡುವವರಿಗೂ ಶಿಕ್ಷೆ ಇದೆ. ಬಲವಂತದಿಂದ ಕೊಟ್ಟಿದ್ದರೆ ಏಳು ದಿನದೊಳಗೆ ದೂರು ಕೊಡಬೇಕು, ಲೋಕಾಯುಕ್ತ ಪೊಲೀಸ್ ಠಾಣೆ ಜಿಲ್ಲಾ ಕೇಂದ್ರದಲ್ಲೇ ಇದೆ. ಕಡತ ಪೂರ್ತಿ ಸರಿ ಇಟ್ಟುಕೊಂಡವರಿಗೆ ಕೆಲಸ ತಡ ಆಗಬಹುದು, ಆದರೆ ಹೆದರಿಸಲು ಹಿಡಿತ ಸಿಗಲ್ಲ.

ಕೌಂಟರಿನಲ್ಲಿ ನಿಲ್ಲುವ ಹುಡುಗನಿಗೆ ಅಧಿಕಾರ ಕೊಡಿ

ಮಾಲೀಕ ಎಷ್ಟೇ ಒಳ್ಳೆಯವನಾದರೂ ದಿನದ ತೀರ್ಮಾನಗಳನ್ನು ಮಾಡೋದು ಹುಡುಗರು. ಅವರಿಗೆ ತಿಂಗಳ ಟಾರ್ಗೆಟ್ ಕೊಟ್ಟು "ಹೇಗಾದ್ರೂ ಮಾಡು" ಅಂದರೆ, ಆ 'ಹೇಗಾದ್ರೂ' ಅನ್ನೋದಕ್ಕೆ ನೀವೇ ಹೊಣೆ. ಮೂರು ಕೆಲಸಗಳಿಗೆ ನಿಮ್ಮನ್ನು ಕೇಳಬೇಕಿಲ್ಲ ಅಂತ ಹೇಳಿಬಿಡಿ: ಹಾಳು ಮಾಲು ವಾಪಸ್ ತೆಗೆದುಕೊಳ್ಳೋದು, ಅನುಮಾನ ಬಂದರೆ ಮಾರದೆ ನಿಲ್ಲಿಸೋದು, ಗಿರಾಕಿಗೆ ಇದು ಬೇಡ ಅಂತ ಹೇಳೋದು. ಹಾಗೆ ಮಾಡಿ ವ್ಯಾಪಾರ ತಪ್ಪಿದ ದಿನ ಅವನನ್ನು ಬೈಯಬೇಡಿ. ಉಳಿದವರ ಎದುರಿಗೆ ಶಹಬ್ಬಾಸ್ ಅನ್ನಿ.

ಇಷ್ಟೆಲ್ಲ ಮಾಡಿದರೂ ಒಂದು ದಿನ ತಪ್ಪು ಮಾಲು ಹೊರಗೆ ಹೋಗೇ ಹೋಗುತ್ತದೆ. ಮೊಳಕೆ ಬರದ ಲಾಟ್ ಇರಬಹುದು, ಕಲಬೆರಕೆ ಆದ ಅಕ್ಕಿ ಇರಬಹುದು. ಆಗ ಮಾಡಬೇಕಾದ್ದನ್ನು ಈಗಲೇ ಒಂದು ಕಾಗದದಲ್ಲಿ ಬರೆದು ಕಪಾಟಿನ ಬಾಗಿಲಿಗೆ ಅಂಟಿಸಿ, ಯಾಕೆಂದರೆ ಆ ದಿನ ಕೈಕಾಲು ಆಡಲ್ಲ. ಉಳಿದ ಮಾಲನ್ನು ಬೇರೆ ಇಟ್ಟು ಬೀಗ ಹಾಕೋದು. ಬಿಲ್ ಪುಸ್ತಕದಿಂದ ಒಯ್ದವರ ಪಟ್ಟಿ ತೆಗೆದು ಅದೇ ದಿನ ಫೋನ್ ಮಾಡೋದು, ಫೋನ್ ಸಿಗದವರ ಊರಿಗೆ ಹೋಗೋದು. ಬೀಜವಾದರೆ ರೈತ ಸಂಪರ್ಕ ಕೇಂದ್ರಕ್ಕೆ ನೀವೇ ಮೊದಲು ತಿಳಿಸೋದು. ಕಂಪನಿ ಪರಿಹಾರ ಕೊಡುತ್ತದೋ ಇಲ್ಲವೋ ಅನ್ನೋ ಜಗಳ ನಿಮ್ಮದು ಮತ್ತು ಕಂಪನಿಯದು, ರೈತನನ್ನು ಅದಕ್ಕೆ ಕಾಯಿಸಬೇಡಿ. ಬಿತ್ತನೆಯ ಹದ ಹೋಗುವುದರೊಳಗೆ ಅವನ ಕೈಗೆ ಬೇರೆ ಬೀಜ ಸೇರಬೇಕು. ಇದಕ್ಕಾಗಿ ಪ್ರತಿ ವರ್ಷದ ಲಾಭದಲ್ಲಿ ಒಂದು ಪಾಲು ಬೇರೆ ಖಾತೆಗೆ ಹಾಕುತ್ತಾ ಬನ್ನಿ, ಅದನ್ನು ಮನೆ ಖರ್ಚಿಗೆ ಮುಟ್ಟಬೇಡಿ.